ಹಾರುವವನು ನೆಲಕ್ಕಿಳಿದಾಗ

ವಾಸ್ಲಾವ್ ನಿಜಿನ್ಸ್ಕಿಯ ಹೆಸರು ಹೇಳಿದೊಡನೆ ನೃತ್ಯಪ್ರಿಯರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಆತನ ನೆಗೆತ. ಮೇಲಕ್ಕೆ ಹಾರಿದವನು ಗಾಳಿಯಲ್ಲೇ ಒಂದು ಕ್ಷಣ ನಿಂತು, ಆಮೇಲೆ ಇಳಿಯುವ ಮನಸ್ಸು ಮಾಡುತ್ತಿದ್ದ ಎಂದು ಕಣ್ಣಾರೆ ಕಂಡವರು ಬರೆದಿದ್ದಾರೆ. ಇನ್ನೊಂದು, ಆತನ ಹುಚ್ಚು. ಮೂವತ್ತು ವರ್ಷ ತುಂಬುವ ಹೊತ್ತಿಗೆ ಮನೋರೋಗಕ್ಕೆ ಸಿಕ್ಕಿ, ಉಳಿದ ಮೂವತ್ತೊಂದು ವರ್ಷ ಆಸ್ಪತ್ರೆಗಳಲ್ಲೂ ಹೆಂಡತಿಯ ಆರೈಕೆಯಲ್ಲೂ ಕಳೆದ ದುರಂತ ಅದು. ಈ ಎರಡು ಕಥೆಗಳು ಎಷ್ಟು ಸೊಗಸಾಗಿವೆಯೆಂದರೆ, ಅವುಗಳ ನಡುವೆ ಇನ್ನೊಂದು ಕಥೆ ಮರೆಯಾಗಿಬಿಟ್ಟಿದೆ. ನಿಜಿನ್ಸ್ಕಿ ನರ್ತಕನಷ್ಟೇ ಅಲ್ಲ, ನೃತ್ಯಸಂಯೋಜಕನೂ ಆಗಿದ್ದ. 1912ರಿಂದ 1916ರವರೆಗೆ ಆತ ರಂಗಕ್ಕೆ ತಂದದ್ದು ನಾಲ್ಕೇ ನಾಲ್ಕು ಕೃತಿಗಳು. ಅವುಗಳಲ್ಲಿ ಎರಡು, ಇಪ್ಪತ್ತನೆಯ ಶತಮಾನದ ನೃತ್ಯದ ದಿಕ್ಕನ್ನೇ ಬದಲಿಸಿದವು.

ವಿಚಿತ್ರವೆಂದರೆ, ಜಗತ್ತಿನಲ್ಲೇ ಹೆಚ್ಚು ಸೊಗಸಾಗಿ ಹಾರುತ್ತಿದ್ದ ಈ ಮನುಷ್ಯ ಸ್ವಂತ ನೃತ್ಯ ಕಟ್ಟಲು ನಿಂತಾಗ ಹಾರುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟ. ತನ್ನ ನರ್ತಕರನ್ನು ನೆಲಕ್ಕೆ ಅಂಟಿಸಿದ. ಕಾಲುಗಳನ್ನು ಒಳಕ್ಕೆ ತಿರುಗಿಸಿದ. ಮೊಣಕಾಲು ಬಗ್ಗಿಸಿ, ಬೆನ್ನು ಕುಗ್ಗಿಸಿ, ನೆಲವನ್ನು ಗುದ್ದಿಸಿದ. ಯಾವ ವಿದ್ಯೆಯಿಂದ ತನಗೆ ಕೀರ್ತಿ ಬಂದಿತೋ ಅದೇ ವಿದ್ಯೆಗೆ ಬೆನ್ನು ತೋರಿಸಿದ. ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ, ಪಳಗಿದ ಬ್ಯಾಲೆ ನರ್ತಕನೊಬ್ಬ ಆಧುನಿಕನಾದದ್ದು ಹೇಗೆಂಬುದು ತಿಳಿಯುತ್ತದೆ.

ಅರಮನೆಯ ಅನ್ನ, ಅರಮನೆಯ ಶಿಸ್ತು

ನಿಜಿನ್ಸ್ಕಿ ಹುಟ್ಟಿದ್ದು 1889ರಲ್ಲಿ, ಕೀವ್ ನಗರದಲ್ಲಿ. ತಂದೆ ತೋಮಾಸ್, ತಾಯಿ ಎಲಿಯೊನೋರಾ, ಇಬ್ಬರೂ ಪೋಲೆಂಡ್ ಮೂಲದ ನರ್ತಕರು. ರಷ್ಯದ ಊರೂರು ಅಲೆದು ಪ್ರದರ್ಶನ ನೀಡುವ ಸಂಸಾರ. ಮೂವರು ಮಕ್ಕಳು: ದೊಡ್ಡವನು ಸ್ಟಾನಿಸ್ಲಾವ್, ನಡುವಿನವನು ವಾಸ್ಲಾವ್, ಕಿರಿಯವಳು ಬ್ರೋನಿಸ್ಲಾವಾ. ಮಕ್ಕಳು ಇನ್ನೂ ಚಿಕ್ಕವರಿದ್ದಾಗಲೇ ತಂದೆ ಬೇರೊಬ್ಬಳ ಸಂಗ ಹಿಡಿದು ಸಂಸಾರದಿಂದ ದೂರವಾದ. ತಾಯಿ ಮಕ್ಕಳೊಡನೆ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ನೆಲೆಸಿದಳು. ಆಕೆಗೆ ತೋಚಿದ ದಾರಿ ಒಂದೇ: ಮಕ್ಕಳನ್ನು ಝಾರ್ ದೊರೆಯ ಆಶ್ರಯದಲ್ಲಿದ್ದ ರಂಗಶಾಲೆಗೆ ಸೇರಿಸುವುದು. ಅಲ್ಲಿ ಆಯ್ಕೆಯಾದ ಮಕ್ಕಳಿಗೆ ಊಟ, ವಸತಿ, ಬಟ್ಟೆ, ಪಾಠ ಎಲ್ಲವೂ ಅರಮನೆಯ ಖರ್ಚಿನಲ್ಲಿ. ಕಲಿತು ಹೊರಬಂದವರಿಗೆ ಸರಕಾರಿ ರಂಗಮಂದಿರದಲ್ಲಿ ನೌಕರಿ. 1898ರಲ್ಲಿ ವಾಸ್ಲಾವ್, 1900ರಲ್ಲಿ ಬ್ರೋನಿಸ್ಲಾವಾ ಆ ಶಾಲೆಯನ್ನು ಸೇರಿದರು.

ಆ ಶಾಲೆ ಕಲಿಸಿದ ಬ್ಯಾಲೆಯ ಮೂಲಸೂತ್ರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ನಿಜಿನ್ಸ್ಕಿ ಮುರಿದದ್ದೇನು ಎಂಬುದು ಅರ್ಥವಾಗದು. ಬ್ಯಾಲೆಯಲ್ಲಿ ಕಾಲುಗಳು ಸೊಂಟದ ಕೀಲಿನಿಂದಲೇ ಹೊರಮುಖವಾಗಿ ತಿರುಗಿರಬೇಕು. ಪಾದಗಳು ಎಡಬಲಕ್ಕೆ ಒಂದೇ ಗೆರೆಯಾಗಬೇಕು. ಅಲ್ಲಿಂದ ಹೊರಡುವ ಐದು ಪಾದಸ್ಥಾನಗಳ ಮೇಲೆ ಇಡೀ ವಿದ್ಯೆ ನಿಂತಿದೆ. ಬೆನ್ನು ನೇರ, ಕುತ್ತಿಗೆ ನೀಳ, ಕೈಗಳು ದುಂಡಗೆ. ಎಲ್ಲ ಪ್ರಯತ್ನವೂ ಭಾರವನ್ನು ಮರೆಮಾಚುವ ಕಡೆಗೆ. ಹೆಣ್ಣು ಬೆರಳ ತುದಿಯ ಮೇಲೆ ನಿಲ್ಲುತ್ತಾಳೆ, ಗಂಡು ಹಾರುತ್ತಾನೆ. ಇಳಿದಾಗ ಸದ್ದಾಗಬಾರದು, ದಣಿವು ಕಾಣಬಾರದು. ನಮ್ಮ ಭರತನಾಟ್ಯದಲ್ಲೂ ಮೊಣಕಾಲು ಹೊರಮುಖವಾಗಿಯೇ ಬಗ್ಗುತ್ತದೆ. ಆದರೆ ಅರಮಂಡಿಯಲ್ಲಿ ಕೂತ ದೇಹ ನೆಲವನ್ನು ನೆಚ್ಚಿಕೊಂಡು ತಟ್ಟುತ್ತದೆ. ಬ್ಯಾಲೆಯ ದೇಹಕ್ಕೆ ನೆಲವೆಂಬುದು ಬಿಟ್ಟು ಹೋಗಬೇಕಾದ ಜಾಗ.

ಈ ವಿದ್ಯೆಯಲ್ಲಿ ನಿಜಿನ್ಸ್ಕಿ ತನ್ನ ಗುರುಗಳನ್ನೇ ಬೆರಗುಗೊಳಿಸಿದ. ಎತ್ತರದ ಆಳಲ್ಲ, ತೊಡೆಗಳು ದಪ್ಪ, ವೇದಿಕೆಯಿಂದ ಕೆಳಗಿಳಿದರೆ ಮಾತು ಕಡಿಮೆಯ, ಸಂಕೋಚದ ಹುಡುಗ. ಆದರೆ ಆ ತೊಡೆಗಳ ಬಲ ಅಸಾಧಾರಣ. 1907ರಲ್ಲಿ ಶಾಲೆ ಮುಗಿಸಿ ಮಾರಿಯಿನ್ಸ್ಕಿ ರಂಗಮಂದಿರ ಸೇರಿದವನು ಬಹುಬೇಗ ಪ್ರಧಾನ ನರ್ತಕಿಯರ ಜೊತೆಗಾರನಾದ. ಬ್ಯಾಲೆಯನ್ನು ಆತ ಮುಂದೆ ಮುರಿದದ್ದು ಬಾರದವನ ಸಿಟ್ಟಿನಿಂದಲ್ಲ ಎಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ವಿದ್ಯೆಯ ಒಂದೊಂದು ಎಳೆಯೂ ಆತನ ದೇಹಕ್ಕೆ ತಿಳಿದಿತ್ತು.

ಅರ್ಧ ದಾರಿಯ ಸುಧಾರಣೆ

1908ರಲ್ಲಿ ನಿಜಿನ್ಸ್ಕಿಗೆ ಸೆರ್ಗೆಯ್ ಡಯಾಗಿಲೆವ್‌ನ ಪರಿಚಯವಾಯಿತು. ಡಯಾಗಿಲೆವ್ ನರ್ತಕನಲ್ಲ, ಚಿತ್ರಕಾರನಲ್ಲ, ಸಂಗೀತಗಾರನೂ ಅಲ್ಲ. ಆದರೆ ಇವರೆಲ್ಲರನ್ನೂ ಒಂದೇ ಸೂರಿನಡಿ ಕೂಡಿಸಿ ಕೆಲಸ ತೆಗೆಯಬಲ್ಲ ಚತುರ. 1909ರಲ್ಲಿ ರಷ್ಯದ ನರ್ತಕರನ್ನು ಪ್ಯಾರಿಸ್ಸಿಗೆ ಕರೆದೊಯ್ದ. ಆ ಋತುವಿನಲ್ಲಿ ಪ್ಯಾರಿಸ್ ನಿಜಿನ್ಸ್ಕಿಗೆ ಮರುಳಾಯಿತು. ಇಬ್ಬರ ನಡುವೆ ಪ್ರೇಮಸಂಬಂಧವೂ ಬೆಳೆದಿತ್ತು. ಡಯಾಗಿಲೆವ್ ಆತನನ್ನು ಚಿತ್ರಶಾಲೆಗಳಿಗೆ, ಸಂಗೀತ ಕಚೇರಿಗಳಿಗೆ ಕರೆದೊಯ್ದ, ದೊಡ್ಡ ಕಲಾವಿದರ ಜೊತೆ ಕೂರಿಸಿದ. ಒಡೆಯನೂ ಗುರುವೂ ಪ್ರಿಯನೂ ಒಬ್ಬನೇ ಆದ ಈ ಸಂಬಂಧ ನಿಜಿನ್ಸ್ಕಿಯನ್ನು ಬೆಳೆಸಿತು. ಮುಂದೆ ಅದೇ ಆತನ ಕಾಲ ಕೆಳಗಿನ ನೆಲವನ್ನು ಎಳೆದುಕೊಂಡಿತು.

1911ರ ಆರಂಭದಲ್ಲಿ ಮಾರಿಯಿನ್ಸ್ಕಿಯ ನೌಕರಿ ಹೋಯಿತು. 'ಜಿಸೆಲ್' ಬ್ಯಾಲೆಯಲ್ಲಿ ಆತ ತೊಟ್ಟ ಉಡುಪು ಸಭ್ಯವಾಗಿಲ್ಲವೆಂಬುದು ಕಾರಣ. ರಾಜಮಾತೆ ಅಂದು ಸಭೆಯಲ್ಲಿದ್ದರು. ಅರಮನೆಯ ಅನ್ನದ ಋಣ ಅಲ್ಲಿಗೆ ತೀರಿತು. ಅದೇ ವರ್ಷ ಡಯಾಗಿಲೆವ್ ವರ್ಷಪೂರ್ತಿ ನಡೆಯುವ ಸ್ವಂತ ತಂಡ ಕಟ್ಟಿದ. ನಿಜಿನ್ಸ್ಕಿ ಅದರ ತಾರೆ.

ಆ ತಂಡದ ನೃತ್ಯಸಂಯೋಜಕ ಮಿಖಾಯಿಲ್ ಫೋಕಿನ್. ಬ್ಯಾಲೆ ಬರಿಯ ಕಸರತ್ತಾಗಬಾರದು, ಪ್ರತಿ ಕಥೆಗೂ ಅದರ ಕಾಲದೇಶಗಳಿಗೆ ತಕ್ಕ ಚಲನೆ ಬೇಕು ಎಂದು ವಾದಿಸಿದ ಸುಧಾರಕ ಆತ. ಆದರೆ ಆತನ ಸುಧಾರಣೆ ಒಂದು ಎಲ್ಲೆಯಲ್ಲಿ ನಿಲ್ಲುತ್ತಿತ್ತು. ನೋಡುವವರಿಗೆ ಚೆಲುವಾಗಿ ಕಾಣಬೇಕೆಂಬ ಹಳೆಯ ಕರಾರನ್ನು ಫೋಕಿನ್ ಮುರಿಯಲಿಲ್ಲ. 1911ರಲ್ಲಿ ಆತ ನಿಜಿನ್ಸ್ಕಿಗಾಗಿ ಎರಡು ಪಾತ್ರಗಳನ್ನು ರಚಿಸಿದ. ಒಂದು, 'ಗುಲಾಬಿಯ ಛಾಯೆ'. ನೃತ್ಯಕೂಟದಿಂದ ಮರಳಿದ ಹುಡುಗಿಯ ಕನಸಿನಲ್ಲಿ ಬರುವ ಹೂವಿನ ಚೇತನ. ಕೊನೆಗೆ ಕಿಟಕಿಯಿಂದ ಹಾರಿ ಮಾಯ. ಆ ಹಾರುವಿಕೆಯೇ ನಿಜಿನ್ಸ್ಕಿಯ ದಂತಕಥೆಯಾಯಿತು. ಇನ್ನೊಂದು, ಇಗೋರ್ ಸ್ಟ್ರಾವಿನ್ಸ್ಕಿಯ ಸಂಗೀತದ 'ಪೆಟ್ರುಷ್ಕಾ'. ಇಲ್ಲಿ ಆತ ಜಾತ್ರೆಯ ಗೊಂಬೆಯಾಟದ ಒಂದು ಗೊಂಬೆ. ಪಾದ ಒಳಕ್ಕೆ ತಿರುಗಿದೆ, ಭುಜ ಜೋತುಬಿದ್ದಿದೆ, ಕೈಗಳು ಮರದ ಕೊರಡು. ಒಳಗೆ ಮಾತ್ರ ಮನುಷ್ಯನ ಸಂಕಟ.

ಪ್ರೇಕ್ಷಕರು ಗುಲಾಬಿಯನ್ನು ಪ್ರೀತಿಸಿದರು. ನಿಜಿನ್ಸ್ಕಿಗೆ ದಾರಿ ತೋರಿಸಿದ್ದು ಗೊಂಬೆ ಎನ್ನಬೇಕು. ಹೊರಕ್ಕೆ ತೆರೆದ ಕಾಲು ಲೋಕಕ್ಕೆ ತನ್ನನ್ನು ಪ್ರದರ್ಶಿಸುವ ಕಾಲು. ಒಳಕ್ಕೆ ತಿರುಗಿದ ಕಾಲು ಲೋಕಕ್ಕೆ ಅಂಜಿದ ಕಾಲು. ಪಾದದ ದಿಕ್ಕು ಬದಲಾದರೆ ಅರ್ಥವೇ ಬದಲಾಗುತ್ತದೆ ಎಂಬುದು ಆ ಪಾತ್ರದಲ್ಲಿ ಸಾಬೀತಾಯಿತು. ಫೋಕಿನ್ ಅದನ್ನು ಒಂದು ಪಾತ್ರಕ್ಕೆ ಸೀಮಿತವಾಗಿ ಬಳಸಿದ. ಇಡೀ ನೃತ್ಯವನ್ನೇ ಅಂಥ ಶೋಧದ ಮೇಲೆ ಕಟ್ಟಿದರೆ ಹೇಗೆ? ನಿಜಿನ್ಸ್ಕಿ ಹೊರಟದ್ದು ಅಲ್ಲಿಗೆ.

ತಂಗಿಯ ಮೈಮೇಲೆ ಮೊದಲ ಪಾಠ

ಆತನ ಪ್ರಯೋಗಶಾಲೆ ಮನೆಯೇ. ಸೇಂಟ್ ಪೀಟರ್ಸ್‌ಬರ್ಗಿನ ಮನೆಯಲ್ಲಿ ಕನ್ನಡಿಯ ಮುಂದೆ, ತಂಗಿ ಬ್ರೋನಿಸ್ಲಾವಾಳನ್ನು ನಿಲ್ಲಿಸಿಕೊಂಡು, ಆಕೆಯ ತಲೆ, ಕೈ, ಬೆರಳುಗಳನ್ನು ಶಿಲ್ಪಿ ಮಣ್ಣು ತಿದ್ದುವಂತೆ ತಿದ್ದುತ್ತ ಮೊದಲ ನೃತ್ಯವನ್ನು ಕಟ್ಟಿದ. ಆಕೆಯೂ ಅದೇ ಶಾಲೆಯಲ್ಲಿ ಪಳಗಿದವಳು, ಅಣ್ಣನ ಮನಸ್ಸನ್ನು ಅರ್ಧ ಮಾತಿನಲ್ಲೇ ಹಿಡಿಯಬಲ್ಲವಳು. ಈ ಕೆಲಸದ ವಿವರಗಳು ನಮಗೆ ಸಿಕ್ಕಿರುವುದು ಆಕೆಯ ನೆನಪಿನ ಬರಹಗಳಿಂದ. ಅವು ಅಚ್ಚಾದದ್ದು 1981ರಲ್ಲಿ, ಆಕೆ ತೀರಿಹೋದ ಒಂಬತ್ತು ವರ್ಷಗಳ ಮೇಲೆ.

ಹೀಗೆ ಹುಟ್ಟಿದ್ದು 'ಫಾನ್‌ನ ಅಪರಾಹ್ಣ'. ಫಾನ್ ಎಂದರೆ ರೋಮನ್ ಪುರಾಣದ ವನಜೀವಿ. ಅರ್ಧ ಮನುಷ್ಯ, ಅರ್ಧ ಮೇಕೆ. ಫ್ರೆಂಚ್ ಕವಿ ಮಲ್ಲಾರ್ಮೆಯ ಕವಿತೆಯಿಂದ ಪ್ರೇರಿತನಾಗಿ ಕ್ಲೋಡ್ ಡೆಬುಸಿ ರಚಿಸಿದ ಸಂಗೀತವನ್ನು ನಿಜಿನ್ಸ್ಕಿ ಆರಿಸಿಕೊಂಡ. ದೃಶ್ಯ ಮತ್ತು ಉಡುಪು ಲಿಯೊನ್ ಬಾಕ್ಸ್ಟ್‌ನದು. ಬೇಸಗೆಯ ಮಧ್ಯಾಹ್ನ, ಬಂಡೆಯ ಮೇಲೆ ಮಲಗಿದ ಫಾನ್ ಏಳು ಮಂದಿ ವನಕನ್ಯೆಯರನ್ನು ಕಾಣುತ್ತಾನೆ. ಒಬ್ಬಳನ್ನು ಸಮೀಪಿಸುತ್ತಾನೆ. ಆಕೆ ತಪ್ಪಿಸಿಕೊಂಡು ಓಡುವಾಗ ವಸ್ತ್ರವೊಂದು ಬಿದ್ದುಹೋಗುತ್ತದೆ. ಅದನ್ನೆತ್ತಿಕೊಂಡು ಬಂಡೆಗೆ ಮರಳುತ್ತಾನೆ. ಕಥೆ ಇಷ್ಟೇ, ಹತ್ತು ನಿಮಿಷದ ಆಟ.

ಹೊಸತಿದ್ದದ್ದು ಚಲನೆಯಲ್ಲಿ. ಪ್ರಾಚೀನ ಗ್ರೀಕ್ ಮಡಕೆಗಳ ಮೇಲಿನ ಚಿತ್ರಗಳಂತೆ, ಉಬ್ಬುಶಿಲ್ಪಗಳಂತೆ, ನರ್ತಕರ ಮುಖ ಮತ್ತು ಪಾದ ಪಕ್ಕಕ್ಕೆ, ಎದೆ ಮಾತ್ರ ಪ್ರೇಕ್ಷಕರತ್ತ. ಚಲಿಸುವುದು ವೇದಿಕೆಯ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಅಡ್ಡಗೆರೆಗಳಲ್ಲಿ. ಬೆರಳ ತುದಿಯ ಮೇಲೆ ನಿಲ್ಲುವಂತಿಲ್ಲ; ಮೊದಲು ಹಿಮ್ಮಡಿ ಊರಿ, ಆಮೇಲೆ ಅಂಗಾಲು. ಸಂಗೀತ ತೊರೆಯಂತೆ ಹರಿಯುತ್ತಿದ್ದರೆ ನೃತ್ಯ ಅದರ ಜೊತೆ ತೇಲುವುದಿಲ್ಲ, ನಿಂತು, ಒಡೆದು, ಮತ್ತೆ ಹೊರಡುತ್ತದೆ. ಇಡೀ ಕೃತಿಯಲ್ಲಿ ನಿಜಿನ್ಸ್ಕಿ ತನಗೆಂದು ಇಟ್ಟುಕೊಂಡದ್ದು ಒಂದೇ ಒಂದು ನೆಗೆತ.

ಇದನ್ನು ಕಲಿಸುವುದು ನರಕವಾಯಿತು. ತಿಂಗಳುಗಟ್ಟಲೆ ಅಭ್ಯಾಸ ನಡೆಯಿತು. ಇದರಲ್ಲಿ ನೃತ್ಯವೆಲ್ಲಿದೆ ಎಂದು ನರ್ತಕಿಯರು ಗೊಣಗಿದರು. ಮಾತಿನಲ್ಲಿ ವಿವರಿಸಲು ನಿಜಿನ್ಸ್ಕಿಗೆ ಬಾರದು. ಮಾಡಿ ತೋರಿಸುವುದು, ಅದರಂತೆಯೇ ಬರಬೇಕೆಂದು ಹಟ ಹಿಡಿಯುವುದು, ಇಷ್ಟೇ ಆತನ ಪಾಠಕ್ರಮ. ಹಳೆಯ ಪದ್ಧತಿಯಲ್ಲಿ ಶಿಕ್ಷಕ ಹೆಜ್ಜೆಗಳ ಹೆಸರು ಹೇಳಿದರೆ ಸಾಕು, ನರ್ತಕರು ತಮ್ಮ ವೈಯಾರ ಬೆರೆಸಿ ಕುಣಿಯುತ್ತಿದ್ದರು. ಈ ನೃತ್ಯದ ಹೆಜ್ಜೆಗಳಿಗೆ ಹೆಸರೇ ಇರಲಿಲ್ಲ. ಪ್ರತಿ ಬೆರಳೂ ಸಂಯೋಜಕ ಹೇಳಿದ ಜಾಗದಲ್ಲೇ ಇರಬೇಕು. ನರ್ತಕನ ಇಷ್ಟಕ್ಕೆ ಬಿಡದೆ, ಸಂಗೀತದ ಸ್ವರಪ್ರಸ್ತಾರದಷ್ಟು ಖಚಿತವಾಗಿ ಚಲನೆಯನ್ನು ಬರೆದಿಡುವ ಈ ಹಟವೇ ಆಧುನಿಕ ನೃತ್ಯಸಂಯೋಜನೆಯ ಒಂದು ಮುಖ್ಯ ಲಕ್ಷಣ.

1912ರ ಮೇ 29ರಂದು ಪ್ಯಾರಿಸ್ಸಿನ ಶಾತ್ಲೆ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಕೊನೆಯಲ್ಲಿ ಫಾನ್ ಆ ವಸ್ತ್ರದ ಮೇಲೆ ಒರಗುವ ಭಂಗಿ ಕಾಮದ ತೃಪ್ತಿಯನ್ನು ಬಿಚ್ಚಿ ಹೇಳುವಂತಿತ್ತು. ಚಪ್ಪಾಳೆಯೂ ಧಿಕ್ಕಾರವೂ ಒಟ್ಟಿಗೆ ಎದ್ದವು. ಡಯಾಗಿಲೆವ್ ಜಗ್ಗದೆ ಇಡೀ ನೃತ್ಯವನ್ನು ಅಲ್ಲೇ ಮತ್ತೊಮ್ಮೆ ಆಡಿಸಿದ. ಮರುದಿನ 'ಫಿಗಾರೊ' ಪತ್ರಿಕೆಯ ಸಂಪಾದಕ ಗಾಸ್ತೋನ್ ಕಾಲ್ಮೆತ್ ಮುಖಪುಟದಲ್ಲೇ ಇದನ್ನು ಅಸಭ್ಯವೆಂದು ಖಂಡಿಸಿದ. ಇನ್ನೊಂದು ಪತ್ರಿಕೆಯಲ್ಲಿ ಪ್ರಖ್ಯಾತ ಶಿಲ್ಪಿ ರೋದಾನ ಹೆಸರಿನಲ್ಲಿ ಮೆಚ್ಚುಗೆಯ ಬರಹ ಬಂತು. ಎಲ್ಲರೂ ಕೊನೆಯ ಆ ಒಂದು ಭಂಗಿಯ ಬಗ್ಗೆ ಜಗಳವಾಡಿದರು. ಉಳಿದ ಒಂಬತ್ತು ನಿಮಿಷಗಳಲ್ಲಿ ಬ್ಯಾಲೆಯ ವ್ಯಾಕರಣವೇ ಬದಲಾಗಿದ್ದನ್ನು ಗಮನಿಸಿದವರು ಕಡಿಮೆ. ಅದೇ ಋತುವಿನ ಕೊನೆಗೆ, ತನ್ನ ಕೃತಿಗೆ ಸಿಗಬೇಕಾದ ಅಭ್ಯಾಸದ ಹೊತ್ತು, ಮರ್ಯಾದೆ ಎರಡೂ ಸಿಗಲಿಲ್ಲವೆಂದು ನೊಂದ ಫೋಕಿನ್ ತಂಡ ಬಿಟ್ಟ.

ಭೂಮಿಯ ಪೂಜೆ, ಹುಡುಗಿಯ ಬಲಿ

ಮುಂದಿನ ವರ್ಷ ಎರಡು ಕೃತಿಗಳು ಬಂದವು. 1913ರ ಮೇ 15ರಂದು 'ಆಟಗಳು'. ಇದಕ್ಕೂ ಡೆಬುಸಿಯದೇ ಸಂಗೀತ. ಮುಸ್ಸಂಜೆಯ ತೋಟದಲ್ಲಿ ಕಳೆದುಹೋದ ಟೆನ್ನಿಸ್ ಚೆಂಡು ಹುಡುಕುವ ಒಬ್ಬ ಯುವಕ, ಇಬ್ಬರು ಯುವತಿಯರು. ರಾಜಕುಮಾರರೂ ಅಪ್ಸರೆಯರೂ ಇಲ್ಲದ, ತಮ್ಮ ಕಾಲದ ಉಡುಪು ತೊಟ್ಟ, ತಮ್ಮ ಕಾಲದ ಬ್ಯಾಲೆ. ಆ ದಿನಗಳಲ್ಲಿ ಇದೇ ದೊಡ್ಡ ಹೊಸತು. ಆದರೆ ಪ್ರೇಕ್ಷಕರಿಗೆ ರುಚಿಸಲಿಲ್ಲ, ಡೆಬುಸಿಗೂ ಹಿಡಿಸಲಿಲ್ಲ. ಎರಡೇ ವಾರದಲ್ಲಿ ಬಂದ ಬಿರುಗಾಳಿಯಲ್ಲಿ ಅದು ಮರೆತೇ ಹೋಯಿತು.

ಆ ಬಿರುಗಾಳಿಯೇ 'ವಸಂತದ ವಿಧಿ'. ಕ್ರೈಸ್ತಧರ್ಮ ಬರುವ ಮೊದಲಿನ ರಷ್ಯದ ಬುಡಕಟ್ಟೊಂದು ವಸಂತವನ್ನು ಬರಮಾಡಿಕೊಳ್ಳುತ್ತದೆ. ಮೊದಲ ಭಾಗ ಭೂಮಿಯ ಆರಾಧನೆ. ಎರಡನೆಯ ಭಾಗದಲ್ಲಿ ಹುಡುಗಿಯೊಬ್ಬಳನ್ನು ಆರಿಸಿ, ಹಿರಿಯರ ಮುಂದೆ ಸಾಯುವವರೆಗೆ ಕುಣಿಸುತ್ತಾರೆ. ಭೂಮಿ ಫಲಿಸಲು ಆಕೆ ಬಲಿ. ಸಂಗೀತ ಸ್ಟ್ರಾವಿನ್ಸ್ಕಿಯದು. ಕಥೆಯನ್ನು ಆತನೊಡನೆ ಹೆಣೆದು, ದೃಶ್ಯ ಮತ್ತು ಉಡುಪು ರಚಿಸಿದವನು ಪುರಾತತ್ತ್ವ ಬಲ್ಲ ಚಿತ್ರಕಾರ ನಿಕೊಲಾಯ್ ರೋರಿಕ್.

ಈ ಸಂಗೀತದ ತೊಡಕನ್ನು ತಾಳದ ಲೆಕ್ಕ ಬಲ್ಲ ನಮ್ಮವರಿಗೆ ಸುಲಭವಾಗಿ ಹೇಳಬಹುದು. ಒಂದು ತಾಳ ಹಿಡಿದು ಹಾಡುತ್ತಿರುವಾಗ, ಪ್ರತಿ ಆವರ್ತನಕ್ಕೂ ಅಕ್ಷರಗಳ ಸಂಖ್ಯೆ ಬದಲಾಗುತ್ತ ಹೋದರೆ ಹೇಗೆ? ಬಲಿಯ ನೃತ್ಯದಲ್ಲಿ ಆಗುವುದು ಹೆಚ್ಚುಕಡಿಮೆ ಅದೇ. ಬ್ಯಾಲೆಯ ಸರಳ ಎಣಿಕೆಗೆ ಒಗ್ಗಿಹೋದ ನರ್ತಕರು ಕಂಗೆಟ್ಟರು. ಲಯವನ್ನು ದೇಹದ ಚಲನೆಯ ಮೂಲಕ ಕಲಿಸುವ ವಿಧಾನವೊಂದನ್ನು ಸ್ವಿಸ್ ಸಂಗೀತಶಿಕ್ಷಕ ಜಾಕ್-ಡಾಲ್‌ಕ್ರೋಜ್ ಜರ್ಮನಿಯ ಹೆಲೆರಾವ್‌ನಲ್ಲಿ ಬೋಧಿಸುತ್ತಿದ್ದ. ಡಯಾಗಿಲೆವ್ ಅಲ್ಲಿಂದ ಮೇರಿ ರಾಂಬರ್ಟ್ ಎಂಬ ಯುವತಿಯನ್ನು ಕರೆತಂದು ನಿಜಿನ್ಸ್ಕಿಗೆ ಸಹಾಯಕಳಾಗಿ ಕೊಟ್ಟ. ಬಲಿಯಾಗುವ ಹುಡುಗಿಯ ಪಾತ್ರವನ್ನು ನಿಜಿನ್ಸ್ಕಿ ಕಟ್ಟಿದ್ದು ತಂಗಿಗಾಗಿ. ಆಕೆ ಗರ್ಭಿಣಿಯಾದ್ದರಿಂದ ಮರಿಯಾ ಪಿಲ್ಟ್ಸ್ ಅದನ್ನು ಕುಣಿದಳು.

ಇಲ್ಲಿ ನಿಜಿನ್ಸ್ಕಿ ಬ್ಯಾಲೆಯನ್ನು ಬುಡಮೇಲು ಮಾಡಿದ. ಪಾದಗಳು ಒಳಕ್ಕೆ, ಮೊಣಕಾಲುಗಳು ಬಾಗಿವೆ, ಕೈ ಮುಷ್ಟಿಕಟ್ಟಿವೆ, ತಲೆ ಒಂದು ಪಕ್ಕಕ್ಕೆ ವಾಲಿದೆ. ನರ್ತಕರು ಗುಂಪುಗುಂಪಾಗಿ ನೆಲವನ್ನು ಗುದ್ದುತ್ತಾರೆ. ಒಂದು ಗುಂಪಿನ ಲಯ ಇನ್ನೊಂದರದಲ್ಲ. ನೆಗೆತವೂ ಇದೆ. ಆದರೆ ಹಾರುವುದು ಹಾರುವುದಕ್ಕಾಗಿ ಅಲ್ಲ, ಭಾರವಾಗಿ ಬಂದು ನೆಲಕ್ಕೆ ಅಪ್ಪಳಿಸುವುದಕ್ಕಾಗಿ. ಆರಿಸಲ್ಪಟ್ಟ ಹುಡುಗಿ ಮೊದಲು ಬಹಳ ಹೊತ್ತು ಅಲುಗದೆ ನಿಲ್ಲುತ್ತಾಳೆ, ಆಮೇಲೆ ನಡುಗುತ್ತಾಳೆ, ಆಮೇಲೆ ನೆಗೆದು ನೆಗೆದು ಬೀಳುತ್ತಾಳೆ. ಭೂಮಿಗೆ ಬಲಿಕೊಡುವ ಕಥೆಯಲ್ಲಿ ದೇಹ ಭೂಮಿಯ ಭಾರವನ್ನು ಮರೆಮಾಚಿದರೆ ಅದು ಸುಳ್ಳಾಗುತ್ತದೆ. ನೆಗೆತಗಾರ ನೆಲಕ್ಕಿಳಿದ ಕಾರಣ ಇಲ್ಲಿ ಸ್ಪಷ್ಟವಾಗುತ್ತದೆ. ಚೆಲುವು ತೋರಿಸುವುದು ಆತನ ಗುರಿಯಾಗಿರಲಿಲ್ಲ. ಚಲನೆ ತನ್ನ ವಸ್ತುವಿಗೆ ನಿಜವಾಗಿರಬೇಕೆಂಬುದು ಆತನ ಹಟವಾಗಿತ್ತು.

1913ರ ಮೇ 29. ಆಗಷ್ಟೇ ಕಟ್ಟಿ ಮುಗಿಸಿದ್ದ ಶಾಂಜೆಲಿಜೆ ರಂಗಮಂದಿರ. ವಾದ್ಯವೃಂದದ ನಿರ್ದೇಶಕ ಪಿಯೆರ್ ಮೊಂತೋ. ಸಂಗೀತ ಶುರುವಾಗುತ್ತಿದ್ದಂತೆ ನಗೆ, ಪರದೆ ಎದ್ದಮೇಲೆ ಕೂಗಾಟ, ಸೀಟಿ, ಪರವಿರೋಧದವರ ನಡುವೆ ಜಗಳ. ವೇದಿಕೆಯ ಮೇಲಿದ್ದವರಿಗೆ ವಾದ್ಯದ ದನಿ ಕೇಳದಾಯಿತು. ಪಕ್ಕದ ಪರದೆಯ ಮರೆಯಲ್ಲಿ ನಿಜಿನ್ಸ್ಕಿ ಕುರ್ಚಿಯ ಮೇಲೆ ನಿಂತು ಗಟ್ಟಿಯಾಗಿ ಎಣಿಕೆ ಕೂಗುತ್ತಿದ್ದ. ಹತ್ತು ದಾಟಿದ ರಷ್ಯನ್ ಸಂಖ್ಯೆಗಳ ಹೆಸರುಗಳು ಉದ್ದವಾದ್ದರಿಂದ ಆ ಎಣಿಕೆ ಲಯಕ್ಕೆ ಹೊಂದುತ್ತಿರಲಿಲ್ಲ ಎಂದು ಸ್ಟ್ರಾವಿನ್ಸ್ಕಿ ಮುಂದೆ ನೆನಪಿಸಿಕೊಂಡ. ಮೊಂತೋ ನಿಲ್ಲಿಸಲಿಲ್ಲ, ನರ್ತಕರೂ ನಿಲ್ಲಿಸಲಿಲ್ಲ. ಕೃತಿ ಕೊನೆ ಮುಟ್ಟಿತು. ಆಮೇಲಿನ ಪ್ರದರ್ಶನಗಳು ಅಷ್ಟು ಗದ್ದಲವಿಲ್ಲದೆ ನಡೆದವು. ಪ್ಯಾರಿಸ್, ಲಂಡನ್ ಎರಡೂ ಸೇರಿ ಒಟ್ಟು ಪ್ರದರ್ಶನಗಳು ಹತ್ತನ್ನೂ ಮುಟ್ಟಲಿಲ್ಲ. ಅಷ್ಟರಲ್ಲೇ ಕೆಲವರಿಗೆ ವಿಷಯ ಅರ್ಥವಾಗಿತ್ತು. ಆ ವರ್ಷದ ನವೆಂಬರಿನಲ್ಲಿ ಫ್ರೆಂಚ್ ವಿಮರ್ಶಕ ಜಾಕ್ ರಿವಿಯೇರ್ ದೀರ್ಘ ಲೇಖನ ಬರೆದು, ಈ ನೃತ್ಯದ ಹೊಸತನವನ್ನು ಗಂಭೀರವಾಗಿ ವಿವರಿಸಿದ.

ಒಂದು ಮದುವೆ, ಒಂದು ತಂತಿ

ಅದೇ ವರ್ಷ ತಂಡ ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿತು. ಸಮುದ್ರಯಾನಕ್ಕೆ ಹೆದರುತ್ತಿದ್ದ ಡಯಾಗಿಲೆವ್ ಜೊತೆಗೆ ಹೋಗಲಿಲ್ಲ. ಹಡಗಿನಲ್ಲಿದ್ದ ಹಂಗೇರಿಯ ತರುಣಿ ರೊಮೋಲಾ ಡಿ ಪುಲ್ಸ್ಕಿಯನ್ನು ನಿಜಿನ್ಸ್ಕಿ ಸೆಪ್ಟೆಂಬರ್ 10ರಂದು ಬ್ಯೂನಸ್ ಐರಿಸ್‌ನಲ್ಲಿ ಮದುವೆಯಾದ. ಸುದ್ದಿ ತಿಳಿದ ಡಯಾಗಿಲೆವ್ ಸಿಟ್ಟಿನಿಂದ ಕುದಿದ. ನಿಜಿನ್ಸ್ಕಿಯ ಸೇವೆ ಇನ್ನು ಬೇಕಿಲ್ಲವೆಂದು ತಂತಿ ಬಂತು.

ಇಲ್ಲಿ ಆಧುನಿಕ ಕಲಾವಿದನ ಸ್ಥಿತಿಯ ಒಂದು ಕಟುಸತ್ಯವಿದೆ. ಕವಿಗೆ ಕಾಗದ ಸಾಕು, ಚಿತ್ರಕಾರನಿಗೆ ಬಣ್ಣ ಸಾಕು. ನೃತ್ಯಸಂಯೋಜಕನಿಗೆ ನಲವತ್ತು ದೇಹಗಳು, ವಾದ್ಯವೃಂದ, ರಂಗಮಂದಿರ, ತಿಂಗಳುಗಟ್ಟಲೆ ಅಭ್ಯಾಸಕ್ಕೆ ಸಂಬಳ ಬೇಕು. ಪ್ರೇಕ್ಷಕ ಕೂಗಿದರೂ ಲೆಕ್ಕಿಸದೆ ಇದನ್ನೆಲ್ಲ ಒದಗಿಸುವ ಒಡೆಯ ಒಬ್ಬನೇ ಇದ್ದ, ಆತ ಕೈಬಿಟ್ಟ. ಅರಮನೆಯ ನೌಕರಿ ಮೊದಲೇ ಹೋಗಿತ್ತು. 1914ರಲ್ಲಿ ಲಂಡನ್ನಿನಲ್ಲಿ ಸ್ವಂತ ತಂಡ ಕಟ್ಟಿದ. ತಂಗಿ ಬಂದು ಜೊತೆ ನಿಂತಳು. ನಿಜಿನ್ಸ್ಕಿಗೆ ವ್ಯವಹಾರ ತಿಳಿಯದು, ಕಾಯಿಲೆಯೂ ಬಿತ್ತು. ಎರಡೇ ವಾರಗಳಲ್ಲಿ ಎಲ್ಲ ಕುಸಿಯಿತು. ಮಹಾಯುದ್ಧ ಶುರುವಾದಾಗ ಹೆಂಡತಿಯ ಊರಾದ ಬುಡಾಪೆಸ್ಟ್‌ನಲ್ಲಿದ್ದ. ರಷ್ಯದ ಪ್ರಜೆಯಾದ್ದರಿಂದ ಶತ್ರುವೆಂದು ಗೃಹಬಂಧನ. ಅಲ್ಲಿ ಕೂತು, ಶಾಲೆಯಲ್ಲಿ ಕಲಿತಿದ್ದ ನೃತ್ಯಲಿಪಿಯನ್ನು ಬೆಳೆಸಿ ಹೊಸ ಲಿಪಿಯೊಂದನ್ನು ರೂಪಿಸಿದ. 1915ರಲ್ಲಿ 'ಫಾನ್' ನೃತ್ಯವನ್ನು ಆ ಲಿಪಿಯಲ್ಲಿ ಬರೆದಿಟ್ಟ.

1916ರಲ್ಲಿ ಬಿಡುಗಡೆಯಾಗಿ ಅಮೆರಿಕಕ್ಕೆ ಹೋದ. ನ್ಯೂಯಾರ್ಕಿನಲ್ಲಿ ನಾಲ್ಕನೆಯ ಕೃತಿ 'ಟಿಲ್ ಆಯ್ಲೆನ್‌ಶ್ಪೀಗೆಲ್' ತೆರೆ ಕಂಡಿತು. 1917ರಲ್ಲಿ ದಕ್ಷಿಣ ಅಮೆರಿಕದಲ್ಲಿ ತಂಡದ ಜೊತೆ ಕೊನೆಯ ಬಾರಿ ಕುಣಿದ. ಆಮೇಲೆ ಸ್ವಿಟ್ಸರ್ಲೆಂಡಿನ ಸೇಂಟ್ ಮೊರಿಟ್ಜ್. 1919ರ ಜನವರಿ 19ರಂದು ಅಲ್ಲಿನ ಹೋಟೆಲಿನಲ್ಲಿ ಆಹ್ವಾನಿತರ ಮುಂದೆ ಕೊನೆಯ ನೃತ್ಯ. ಅದಾಗಿ ಎರಡು ತಿಂಗಳೊಳಗೆ ಜ್ಯೂರಿಕ್‌ನ ವೈದ್ಯರು ಗುಣವಾಗದ ಮನೋರೋಗವೆಂದು ತೀರ್ಪು ಕೊಟ್ಟರು. 1950ರ ಏಪ್ರಿಲ್ 8ರಂದು ಲಂಡನ್ನಿನಲ್ಲಿ ತೀರಿಕೊಂಡ.

ಹುಚ್ಚು ಉತ್ತರವಲ್ಲ

ಈ ಕೊನೆಯನ್ನು ಕಂಡವರು ಹಿಂದಕ್ಕೆ ತಿರುಗಿ, ಒಳಕ್ಕೆ ತಿರುಗಿದ ಪಾದಗಳಲ್ಲೂ ನಡುಗುವ ಹುಡುಗಿಯಲ್ಲೂ ಹುಚ್ಚಿನ ಮುನ್ಸೂಚನೆ ಹುಡುಕುವುದುಂಟು. ಕಾಲದ ಲೆಕ್ಕ ಇದಕ್ಕೆ ಒಪ್ಪುವುದಿಲ್ಲ. 'ಫಾನ್' ಮತ್ತು 'ವಸಂತ' ಬಂದದ್ದು 1912 ಮತ್ತು 1913ರಲ್ಲಿ. ಕಾಯಿಲೆ ಆತನನ್ನು ಮಣಿಸಿದ್ದು 1919ರಲ್ಲಿ. ಕೆಲಸದ ರೀತಿಯೂ ಒಪ್ಪುವುದಿಲ್ಲ. ನಲವತ್ತಕ್ಕೂ ಹೆಚ್ಚು ನರ್ತಕರ ಒಂದೊಂದು ಎಣಿಕೆಯನ್ನೂ ಹೊಂದಿಸುವುದು, ಮಾಡಿದ್ದನ್ನು ಲಿಪಿಯಲ್ಲಿ ಬರೆದಿಡುವುದು, ಇವು ಹಿಡಿತ ತಪ್ಪಿದ ಮನಸ್ಸಿನ ಕೆಲಸಗಳಲ್ಲ. ಹುಚ್ಚನ್ನು ಕಾರಣವಾಗಿ ಮುಂದಿಟ್ಟರೆ ಆತನ ದುಡಿಮೆಯನ್ನೇ ಕಸಿದುಕೊಂಡಂತಾಗುತ್ತದೆ.

ಸ್ಟ್ರಾವಿನ್ಸ್ಕಿಯ ಮಾತು ಇದಕ್ಕಿಂತ ಹೆಚ್ಚು ಹಾನಿ ಮಾಡಿತು. 1913ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಆತ ನಿಜಿನ್ಸ್ಕಿಯ ಕೆಲಸವನ್ನು ಮನಸಾರೆ ಹೊಗಳಿದ್ದ. 1930ರ ದಶಕದಲ್ಲಿ ಆತ್ಮಕಥೆ ಬರೆಯುವಾಗ, ಆತನಿಗೆ ಸಂಗೀತವೇ ತಿಳಿಯದೆಂದು ತಳ್ಳಿಹಾಕಿದ. ಉತ್ತರ ಕೊಡಬೇಕಾದವನು ಆಸ್ಪತ್ರೆಯಲ್ಲಿದ್ದ. ಸಂಗೀತಕ್ಕೆ ಬರವಣಿಗೆಯ ರಕ್ಷಣೆಯಿತ್ತು. 1914ರ ವಸಂತದಲ್ಲೇ ಪ್ಯಾರಿಸ್ಸಿನ ಕಚೇರಿಯೊಂದರಲ್ಲಿ ನೃತ್ಯವಿಲ್ಲದೆ ಅದನ್ನು ನುಡಿಸಿದಾಗ ಜನ ಸ್ಟ್ರಾವಿನ್ಸ್ಕಿಯನ್ನು ಹೆಗಲ ಮೇಲೆ ಹೊತ್ತರು. ನೃತ್ಯವಿದ್ದದ್ದು ನರ್ತಕರ ಮೈಯಲ್ಲಿ ಮಾತ್ರ. 1920ರಲ್ಲಿ ಡಯಾಗಿಲೆವ್ ಮತ್ತೆ ಅದನ್ನು ಆಡಿಸಬೇಕೆಂದಾಗ ಯಾರಿಗೂ ಪೂರ್ತಿ ನೆನಪಿರಲಿಲ್ಲ. ಲಿಯೊನೀಡ್ ಮಸ್ಸೀನ್ ಹೊಸದಾಗಿ ನೃತ್ಯ ಕಟ್ಟಬೇಕಾಯಿತು.

ಉಳಿದದ್ದು

ಹಾಗಾದರೆ ಏನೂ ಉಳಿಯಲಿಲ್ಲವೇ? ಉಳಿಯಿತು. ಮೊದಲನೆಯದಾಗಿ ತಂಗಿಯಲ್ಲಿ. 1923ರಲ್ಲಿ ಬ್ರೋನಿಸ್ಲಾವಾ ನಿಜಿನ್ಸ್ಕಾ ಸ್ಟ್ರಾವಿನ್ಸ್ಕಿಯದೇ ಸಂಗೀತಕ್ಕೆ 'ಮದುವೆ' ಎಂಬ ನೃತ್ಯ ಕಟ್ಟಿದಳು. ರಷ್ಯದ ಹಳ್ಳಿಯ ಮದುವೆಯಾದರೂ ಸಂಭ್ರಮವಿಲ್ಲ. ಹೆಣ್ಣು ಗಂಡು ಇಬ್ಬರೂ ಸಮುದಾಯದ ಕಟ್ಟಳೆಗೆ ತಲೆಬಾಗುವವರು. ಬಲಿಯ ಹುಡುಗಿಯ ಪಾತ್ರ ತಪ್ಪಿಹೋದವಳು ಹತ್ತು ವರ್ಷಗಳ ಮೇಲೆ ಮದುಮಗಳ ರೂಪದಲ್ಲಿ ಅದೇ ಮಾತನ್ನು ತನ್ನ ದಾರಿಯಲ್ಲಿ ಹೇಳಿದಳು. ಆ ಕೃತಿ ಇಂದಿಗೂ ಪ್ರದರ್ಶನ ಕಾಣುತ್ತಿದೆ. ಸಹಾಯಕಳಾಗಿದ್ದ ಮೇರಿ ರಾಂಬರ್ಟ್ ಇಂಗ್ಲೆಂಡಿನಲ್ಲಿ ನೆಲೆಸಿ, ಆ ದೇಶದ ಹೊಸ ಬ್ಯಾಲೆಗೆ ತಳಪಾಯ ಹಾಕಿದವರಲ್ಲೊಬ್ಬಳಾದಳು.

ಎರಡನೆಯದಾಗಿ ಕಾಗದಗಳಲ್ಲಿ. ಮಿಲಿಸೆಂಟ್ ಹಾಡ್ಸನ್ ಮತ್ತು ಕೆನೆತ್ ಆರ್ಚರ್ ಎಂಬ ಸಂಶೋಧಕರು ರಾಂಬರ್ಟ್ ಟಿಪ್ಪಣಿ ಬರೆದಿಟ್ಟಿದ್ದ ಸಂಗೀತದ ಪ್ರತಿ, ಪ್ರದರ್ಶನ ನೋಡಿದ ಕಲಾವಿದೆ ವಾಲೆಂಟೀನ್ ಗ್ರೋಸ್‌ಳ ರೇಖಾಚಿತ್ರಗಳು, ಉಳಿದುಬಂದ ಉಡುಪುಗಳು ಇವನ್ನೆಲ್ಲ ವರ್ಷಗಟ್ಟಲೆ ಕೂಡಿಸಿದರು. 1987ರ ಸೆಪ್ಟೆಂಬರ್ 30ರಂದು ಲಾಸ್ ಏಂಜಲೀಸ್‌ನಲ್ಲಿ ಜೋಫ್ರಿ ಬ್ಯಾಲೆ ತಂಡ ಆ ಪುನಾರಚನೆಯನ್ನು ಆಡಿತು. ಅದರಲ್ಲಿ ನಿಜಿನ್ಸ್ಕಿ ಎಷ್ಟು, ಊಹೆ ಎಷ್ಟು ಎಂಬ ವಾದ ಇಂದಿಗೂ ಇದೆ, ಇರಬೇಕಾದದ್ದೇ. ಆದರೆ 'ವಸಂತ'ವೆಂದರೆ ಬರಿಯ ಗದ್ದಲವೆಂದುಕೊಂಡಿದ್ದವರಿಗೆ ಅದರ ಹಿಂದಿನ ಕಟ್ಟಾಣಿ ರಚನೆ ಕಣ್ಣಿಗೆ ಕಂಡಿತು. ಕೆಲಕಾಲಾನಂತರ ಆನ್ ಹಚಿನ್‌ಸನ್ ಗೆಸ್ಟ್ ಮತ್ತು ಕ್ಲಾಡಿಯಾ ಯೆಶ್ಕೆ ಆತನ ನೃತ್ಯಲಿಪಿಯನ್ನು ಬಿಡಿಸಿ, 'ಫಾನ್' ಅನ್ನು ಆತನ ಕೈಬರಹದಿಂದಲೇ ಓದಿ ತೋರಿಸಿದರು.

ನಮ್ಮ ಊರಿಗೂ ಈ ಕಥೆಯ ಎರಡು ಎಳೆಗಳು ಬಂದು ಮುಟ್ಟಿವೆ. 'ವಸಂತ'ದ ಕಥೆ ಹೆಣೆದ ನಿಕೊಲಾಯ್ ರೋರಿಕ್ ಕೊನೆಗೆ ಭಾರತಕ್ಕೆ ಬಂದು ಕುಲೂ ಕಣಿವೆಯ ನಗ್ಗರದಲ್ಲಿ ನೆಲೆಸಿ 1947ರಲ್ಲಿ ಅಲ್ಲೇ ತೀರಿಕೊಂಡ. ಆತನ ಮಗ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್, ಪತ್ನಿ ನಟಿ ದೇವಿಕಾರಾಣಿಯವರೊಡನೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿ 1993ರಲ್ಲಿ ನಿಧನರಾದರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತಂದೆಮಕ್ಕಳಿಬ್ಬರ ಚಿತ್ರಗಳಿವೆ. ಇನ್ನೊಂದು ಎಳೆ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ನರ್ತಕ ರಾಮ್ ಗೋಪಾಲ್. ಯುರೋಪಿನಲ್ಲಿ ಅವರ ನೃತ್ಯ ಕಂಡವರು ಅವರನ್ನು ಭಾರತದ ನಿಜಿನ್ಸ್ಕಿ ಎಂದರು. ದೊಡ್ಡ ಹೊಗಳಿಕೆಯೇ. ಆದರೆ ಆ ಹೋಲಿಕೆಯಲ್ಲಿ ಇದ್ದವನು ವೇದಿಕೆಯ ಮೇಲೆ ಮಿಂಚುವ ನರ್ತಕ. ಕನ್ನಡಿಯ ಮುಂದೆ ತಂಗಿಯ ಬೆರಳು ತಿದ್ದುತ್ತ, ಕುರ್ಚಿಯ ಮೇಲೆ ನಿಂತು ಎಣಿಕೆ ಕೂಗುತ್ತ, ಬಂಧನದಲ್ಲಿ ಕೂತು ಲಿಪಿ ಬರೆಯುತ್ತ ಇದ್ದ ಇನ್ನೊಬ್ಬ ನಿಜಿನ್ಸ್ಕಿ ಆಗಲೂ ಲೋಕದ ಕಣ್ಣಿಗೆ ಬಿದ್ದಿರಲಿಲ್ಲ.

ನೆಗೆತವನ್ನು ನೋಡಿದವರು ಈಗ ಯಾರೂ ಉಳಿದಿಲ್ಲ. ಆತನ ನೃತ್ಯದ ಚಲನಚಿತ್ರವೂ ಇಲ್ಲ. ಇರುವುದು ಸ್ಥಿರಚಿತ್ರಗಳು ಮಾತ್ರ. ಇಂದು ಯಾವುದೋ ದೇಶದ ಯಾವುದೋ ವೇದಿಕೆಯ ಮೇಲೆ ನರ್ತಕಿಯೊಬ್ಬಳು ಪಾದ ಒಳಕ್ಕೆ ತಿರುಗಿಸಿ, ಮೊಣಕಾಲು ಬಗ್ಗಿಸಿ, ಭಾರವಾಗಿ ನೆಲ ಮೆಟ್ಟಿದಾಗ ಪ್ರೇಕ್ಷಕರು ಯಾರೂ ಸೀಟಿ ಹೊಡೆಯುವುದಿಲ್ಲ. ಅದೂ ನೃತ್ಯವೆಂದು ನಾವು ಒಪ್ಪಿಕೊಂಡಿದ್ದೇವೆ. ಹಾಗೆ ಒಪ್ಪಿಸಿದವರ ಮೊದಲ ಸಾಲಿನಲ್ಲಿ, ಎಲ್ಲರಿಗಿಂತ ಎತ್ತರ ಹಾರಬಲ್ಲವನೊಬ್ಬನಿದ್ದ.